ಮಾರಾ ಮತ್ತು ಜಾಂಜಿಬಾರ್: ಕಾಡು ಮೊದಲೋ, ಕಡಲು ಮೊದಲೋ?

‘ಮೊದಲ ಪಯಣ’ ಎಂಬ ಹೆಸರಿನವರು ಕೇಳಿದ್ದು: ಆಗಸ್ಟ್ ತಿಂಗಳಿನಲ್ಲಿ ಹತ್ತು ದಿನಗಳ ರಜೆ ದೊರೆತಿದೆ. ಎಪ್ಪತ್ತು ವರ್ಷದ ತಾಯಿ ಮತ್ತು ಹನ್ನೆರಡು ವರ್ಷದ ಮಗಳೊಂದಿಗೆ ಕೀನ್ಯಾದ ಮಸಾಯಿ ಮಾರಾ ವನ್ಯಧಾಮ ನೋಡಿಕೊಂಡು ಟಾಂಜಾನಿಯಾದ ಜಾಂಜಿಬಾರ್ ದ್ವೀಪದ ಕಡಲತೀರದಲ್ಲಿ ನಾಲ್ಕು ದಿನ ಇರಬೇಕೆಂದಿದ್ದೇವೆ. ತಾಯಿಗೆ ಸೊಂಟನೋವಿದೆ. ಯಾವುದನ್ನು ಮೊದಲು ಇಟ್ಟುಕೊಳ್ಳುವುದು, ಮಾರಾಕ್ಕೆ ರಸ್ತೆಯಲ್ಲಿ ಹೋಗುವುದೋ ವಿಮಾನದಲ್ಲೋ ಎಂಬುದನ್ನು ಹೋಗಿಬಂದವರು ದಯವಿಟ್ಟು ತಿಳಿಸಿ.

ಟಾಲೆಕ್ ದಡ: ನಾನು ಹೋದದ್ದು 2024ರ ಏಪ್ರಿಲ್ ಕೊನೆಯ ವಾರ. ಜನವರಿಯಿಂದ ಜೂನ್‌ವರೆಗೆ ಮಾರಾದ ಪ್ರವೇಶ ಶುಲ್ಕ ವಿದೇಶಿಯರಿಗೆ ದಿನಕ್ಕೆ 100 ಡಾಲರ್. ಜುಲೈನಿಂದ ಡಿಸೆಂಬರ್‌ವರೆಗೆ 200. ಈ ನೂರು ಡಾಲರಿನ ಆಸೆಗೆ ಮಳೆಗಾಲವನ್ನು ಆರಿಸಿಕೊಂಡೆ. ಮೊದಲ ಎರಡು ದಿನ ಹಸಿರು ಹುಲ್ಲು, ಖಾಲಿ ದಾರಿ, ಮರಿಗಳೊಂದಿಗೆ ಚಿರತೆ ಎಲ್ಲವೂ ಸಿಕ್ಕಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಮೇ 1ರಂದು ಟಾಲೆಕ್ ನದಿ ದಡ ಮೀರಿ ಹತ್ತಾರು ಕ್ಯಾಂಪುಗಳಿಗೆ ನುಗ್ಗಿತು. ನಮ್ಮ ಗುಡಾರದೊಳಗೆ ನೀರು ಮೊಣಕಾಲಿನವರೆಗೆ ಬಂದಾಗ ಕೈಗೆ ಸಿಕ್ಕಿದ್ದು ಪಾಸ್‌ಪೋರ್ಟ್ ಚೀಲ ಮಾತ್ರ. ಕಳೆದುಕೊಂಡದ್ದು: ಒಂದು ಲೆನ್ಸ್ 1,150 ಡಾಲರ್, ದುರ್ಬೀನು 240, ಎರಡು ಜೊತೆ ಬೂಟು, ತಂಗದೇ ಹೋದ ಎರಡು ರಾತ್ರಿಗಳ ಬಾಡಿಗೆ 780. ಕಾದಿರಿಸಿಕೊಟ್ಟ ಮಧ್ಯವರ್ತಿ, ಪ್ರವಾಹವು ದೈವೇಚ್ಛೆಯೆಂದು ಬರೆದು ಕೈತೊಳೆದುಕೊಂಡ. ಆಮೇಲೆ ಕೀನ್ಯಾದ ಡಿಯಾನಿ ಕಡಲತೀರದಲ್ಲಿ ಐದು ದಿನವೂ ಮಳೆಯೇ.

ಹನ್ನೆರಡು ಗಂಟೆ: ಏಪ್ರಿಲ್ ಮತ್ತು ಮೇ ದೀರ್ಘ ಮಳೆಯ ತಿಂಗಳುಗಳೆಂದು ಗೊತ್ತಿದ್ದೂ ಹೋದವರು ನದಿಯನ್ನು ದೂರುವುದು ವಿಚಿತ್ರವಾಗಿದೆ. ನಾವು ಆಗಸ್ಟಿನಲ್ಲೇ ಹೋದೆವು, ಪೂರ್ಣ ಬೆಲೆ ಕೊಟ್ಟೆವು, ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. ಆದರೆ ಆ 200 ಡಾಲರ್ ಇಡೀ ದಿನದ್ದಲ್ಲ, ಬೆಳಿಗ್ಗೆ 6ರಿಂದ ಸಂಜೆ 6ರವರೆಗಿನ ಹನ್ನೆರಡು ಗಂಟೆಯದ್ದು. ಮೊದಲಿದ್ದ 24 ಗಂಟೆಯ ಟಿಕೆಟ್ ಈಗಿಲ್ಲ. ನಾವು ಮೂವರು ಗೇಟಿನ ಹೊರಗೆ ತಂಗಿ ಮೂರು ದಿನ ಒಳಹೋದದ್ದಕ್ಕೆ ಪ್ರವೇಶವೊಂದಕ್ಕೇ 1,800 ಡಾಲರ್ ಆಯಿತು. ವಾಹನ, ಊಟ, ಚಾಲಕನ ಭಕ್ಷೀಸು ಬೇರೆ. ಎರಡನೆಯ ದಿನ ಮಾರಾ ನದಿಯ ದಡದಲ್ಲಿ ಐದು ಗಂಟೆ ಕಾದೆವು. ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳು ಸಾವಿರಾರು ಸಂಖ್ಯೆಯಲ್ಲಿ ನದಿ ದಾಟಲು ಅಂಚಿಗೆ ಬಂದವು, ಮುಂದಿನದು ನೀರನ್ನು ಮೂಸಿತು, ಎಲ್ಲವೂ ಹಿಂದಿರುಗಿದವು. ಮೂರನೆಯ ದಿನ ನಾವು ಊಟದ ಡಬ್ಬಿ ತೆರೆದ ಹೊತ್ತಿಗೆ ದಾಟಿದವು. ಆ ಹತ್ತು ನಿಮಿಷಕ್ಕೆ 1,800 ಡಾಲರ್ ಎಂದು ಯಾರು ಬೇಕಾದರೂ ನಗಲಿ.

ಟಾಲೆಕ್ ದಡ: ನಗುವುದಿಲ್ಲ. ಆದರೆ ಆ ಹತ್ತು ನಿಮಿಷವನ್ನು ನಲವತ್ತು ವಾಹನಗಳ ನಡುವಿನಿಂದ ನೋಡಿದಿರೆಂಬುದನ್ನೂ ಬರೆಯಬೇಕಿತ್ತು.

ಪಾಜೆ ಮರಳು: ನೀವಿಬ್ಬರೂ ಕಾಡಿನಲ್ಲೇ ಉಳಿದುಬಿಟ್ಟಿರಿ. ನನ್ನ ಗಾಯ ಕಡಲಿನದ್ದು. ನಾವು ಜಾಂಜಿಬಾರನ್ನು ಮೊದಲು ಇಟ್ಟುಕೊಂಡು, ಆಮೇಲೆ ಅರೂಷಾದ ಮಾರ್ಗವಾಗಿ ಟಾಂಜಾನಿಯಾದ ಎನ್‌ಗೊರೊಂಗೊರೊ ವನ್ಯಪ್ರದೇಶಕ್ಕೆ ಹೋದೆವು. ಆ ಕ್ರಮವೇ ತಪ್ಪಾಯಿತು. ಪತಿ ಮೂರು ದಿನ ಸ್ಕೂಬಾ ಮಾಡಿದರು, ಕೊನೆಯ ಮುಳುಗು ವಿಮಾನದ ಹಿಂದಿನ ದಿನ ಸಂಜೆ ನಾಲ್ಕಕ್ಕೆ. ಹಲವು ದಿನ ಮುಳುಗಿದವರು ವಿಮಾನವೇರುವ ಮುನ್ನ ಕನಿಷ್ಠ 18 ಗಂಟೆ ಬಿಡಬೇಕೆಂದು ರಾತ್ರಿ ಊಟದ ಹೊತ್ತಿಗೆ ತಿಳಿಯಿತು. ಬೆಳಗಿನ ಮೂರು ಟಿಕೆಟುಗಳು ವ್ಯರ್ಥವಾದವು. ಜೊತೆಗೆ ಮಲೇರಿಯಾ ತಡೆಗೆಂದು ನಾನು ತೆಗೆದುಕೊಳ್ಳುತ್ತಿದ್ದ ಡಾಕ್ಸಿಸೈಕ್ಲಿನ್ ಮಾತ್ರೆಯಿಂದ ಚರ್ಮ ಬಿಸಿಲನ್ನು ತಡೆಯಲಾಗದೆ ಎರಡನೆಯ ದಿನವೇ ಭುಜ ಸುಟ್ಟು ಸಿಪ್ಪೆ ಎದ್ದಿತು. ಇನ್ನು ಜಾಂಜಿಬಾರಿನ ಪೂರ್ವ ತೀರದಲ್ಲಿರುವ ಪಾಜೆಯ ಸಮುದ್ರ! ಬೆಳಿಗ್ಗೆ ಎದ್ದು ನೋಡಿದರೆ ನೀರೇ ಇಲ್ಲ. ನೂರಾರು ಮೀಟರ್ ಬರಿಯ ಮರಳು, ಅದರಲ್ಲಿ ಗೂಟ ನೆಟ್ಟು ಕಡಲಪಾಚಿ ಬೆಳೆಯುವ ಹೆಂಗಸರು. ನೋಡಲು ಚೆಂದ, ಈಜಲು ಬಂದವರಿಗೆ ಶಿಕ್ಷೆ. ನಡೆದುಹೋಗಿ ಮೈತುಂಬ ಮುಳ್ಳಿರುವ ಕಡಲಪ್ರಾಣಿಯನ್ನು ತುಳಿದ ಮಗ ಎರಡು ದಿನ ಕುಂಟಿದ.

ನುಂಗ್ವಿ ಪಕ್ಷ: ಪೂರ್ವ ತೀರದ ಉಬ್ಬರ ಇಳಿತದ ಪಟ್ಟಿಯನ್ನೇ ನೋಡದೆ ಕೊಠಡಿ ಹಿಡಿದವರು ದ್ವೀಪವನ್ನೇ ಬಯ್ಯುವುದು ನ್ಯಾಯವಲ್ಲ. ಉತ್ತರದ ನುಂಗ್ವಿ, ಕೆಂಡ್ವಾಗಳಲ್ಲಿ ನೀರು ಅಷ್ಟು ದೂರ ಸರಿಯುವುದಿಲ್ಲ. ನಾವು ಏಳು ದಿನವೂ ದಿನವಿಡೀ ಈಜಿದೆವು.

ಪಾಜೆ ಮರಳು: ನುಂಗ್ವಿಯಲ್ಲಿ ರಾತ್ರಿಯಿಡೀ ಸಂಗೀತದ ಗದ್ದಲ, ಕೊಠಡಿಯ ಬೆಲೆ ನಮ್ಮದಕ್ಕಿಂತ ಒಂದೂವರೆ ಪಟ್ಟು. ಪಟ್ಟಿ ನೋಡಲು ನಮಗೂ ಬರುತ್ತದೆ, ಸ್ವಾಮಿ.

ರೈಲಿನವರು: ಜಾಂಜಿಬಾರೇ ಏಕೆ ಬೇಕು? ಕೀನ್ಯಾದಲ್ಲಿ ಕಡಲಿಲ್ಲವೇ? ನೈರೋಬಿಯಿಂದ ಮೊಂಬಾಸಾಗೆ 2017ರಿಂದ ರೈಲಿದೆ. ತ್ಸಾವೊ ಬಯಲನ್ನು ದಾಟುವಾಗ ಕಿಟಕಿಯಿಂದಲೇ ಕೆಂಪು ಮಣ್ಣು ಮೆತ್ತಿಕೊಂಡ ಆನೆಗಳು ಕಂಡವು. ಮೊಂಬಾಸಾದಿಂದ ದಕ್ಷಿಣ ತೀರಕ್ಕೆ ದಾಟಿಸುವ ಲಿಕೋನಿ ದೋಣಿಗೆ ಒಂದೂವರೆ ಗಂಟೆ ಸರತಿ ಕಾಯಬೇಕಾಯಿತೆಂಬುದು ನಿಜ, ಸುಳ್ಳು ಹೇಳುವುದಿಲ್ಲ. ಆದರೆ ಎರಡನೆಯ ದೇಶ, ಎರಡನೆಯ ವೀಸಾ, ಜಾಂಜಿಬಾರಿನ ಕಡ್ಡಾಯ ವಿಮೆಯ 44 ಡಾಲರ್ ಯಾವುದೂ ನಮಗೆ ತಗಲಲಿಲ್ಲ.

ನುಂಗ್ವಿ ಪಕ್ಷ: ಪೂರ್ವ ಆಫ್ರಿಕಾದ ಒಂದೇ ಪ್ರವಾಸಿ ವೀಸಾ ತೆಗೆದುಕೊಂಡರೆ ಎರಡು ದೇಶಗಳೂ ಮುಗಿಯುತ್ತವೆ; ಇಲ್ಲದ ತೊಡಕನ್ನು ಹುಟ್ಟುಹಾಕಬೇಡಿ.

ಹನ್ನೆರಡು ಗಂಟೆ: ತಪ್ಪು. ಆ ವೀಸಾ ಕೀನ್ಯಾ, ಉಗಾಂಡಾ, ರುವಾಂಡಾಗಳಿಗೆ ಮಾತ್ರ. ಟಾಂಜಾನಿಯಾ ಅದರಲ್ಲಿ ಸೇರಿಲ್ಲ. ನಿಮ್ಮ ಮಾತು ನಂಬಿ ಹೋದವರು ಜಾಂಜಿಬಾರಿನ ವಿಮಾನ ನಿಲ್ದಾಣದಲ್ಲಿ ನಿಲ್ಲಬೇಕಾಗುತ್ತದೆ.

ನುಂಗ್ವಿ ಪಕ್ಷ: ನನ್ನ ಸ್ನೇಹಿತರು ಹಾಗೆ ಹೋಗಿದ್ದಾರೆ.

ಹನ್ನೆರಡು ಗಂಟೆ: ಸ್ನೇಹಿತರ ಪಾಸ್‌ಪೋರ್ಟಿನಲ್ಲಿ ಬೇರೆ ಮುದ್ರೆ ಇದ್ದೀತು, ತೆರೆದು ನೋಡಿ.

ಮೊದಲ ಪಯಣ: ಎಲ್ಲರಿಗೂ ವಂದನೆಗಳು. ತಾಯಿಯ ಸೊಂಟದ ಬಗ್ಗೆ ಯಾರಾದರೂ ಹೇಳಬಹುದೇ?

ಮೆತ್ತನೆ ಚೀಲ: ಮೇಡಂ, ನನ್ನ ಅತ್ತೆಯವರಿಗೆ ಅರವತ್ತೆಂಟು. ಹೋಗುವಾಗ ರಸ್ತೆ, ಬರುವಾಗ ವಿಮಾನ ಎಂದು ಇಟ್ಟುಕೊಂಡಿದ್ದೆವು. ನೈರೋಬಿಯಿಂದ ಆರು ಗಂಟೆಯ ದಾರಿಯನ್ನು ಅವರು ಹೇಗೋ ತಾಳಿಕೊಂಡರು; ವನ್ಯಧಾಮದ ಒಳಗಿನ ಕುಲುಕಾಟವನ್ನು ಚಾಲಕರು ‘ಆಫ್ರಿಕನ್ ಮಸಾಜ್’ ಎಂದು ನಗಾಡಿದಾಗ ಮಾತ್ರ ಅವರು ನಗಲಿಲ್ಲ. ನೈರೋಬಿಯ ವಿಲ್ಸನ್ ನಿಲ್ದಾಣದ ಪುಟ್ಟ ವಿಮಾನ ಮುಕ್ಕಾಲು ಗಂಟೆಯಲ್ಲಿ ಮುಟ್ಟಿಸುತ್ತದೆ, ಆದರೆ ಕೈಚೀಲವೂ ಸೇರಿ ತಲೆಗೆ 15 ಕಿಲೋ, ಅದೂ ಚಕ್ರವಿಲ್ಲದ ಮೆತ್ತನೆಯ ಚೀಲದಲ್ಲಿ. ನಮ್ಮದು ಗಟ್ಟಿ ಪೆಟ್ಟಿಗೆ. ಅದನ್ನು ಮಾರಾದ ಓಡುಹಾದಿಯಲ್ಲೇ ಬಿಟ್ಟು, ರಸ್ತೆಯಲ್ಲಿ ತರಿಸಿಕೊಳ್ಳಲು 90 ಡಾಲರ್ ತೆತ್ತೆವು. ಕಾಡು ಮೊದಲಿರಲಿ, ಕುಲುಕಿದ ಸೊಂಟಕ್ಕೆ ಆಮೇಲೆ ಮರಳು ಸಿಗುತ್ತದೆ. ಇನ್ನೊಂದು ಮಾತು: ಕೀನ್ಯಾದಿಂದ ಜಾಂಜಿಬಾರಿಗೆ ಇಳಿಯುವವರಲ್ಲಿ ಹಳದಿ ಜ್ವರದ ಲಸಿಕೆಯ ಪತ್ರ ಕೇಳುತ್ತಾರೆ. ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು. ಅರವತ್ತು ದಾಟಿದವರಿಗೆ ಆ ಲಸಿಕೆಯಿಂದ ಅಪಾಯ ಹೆಚ್ಚಿರುವುದರಿಂದ ವೈದ್ಯರನ್ನು ಕೇಳದೆ ಹಾಕಿಸಬೇಡಿ. ನಮ್ಮ ಅತ್ತೆಯವರಿಗೆ ವೈದ್ಯರು ಬೇಡವೆಂದು ವಿನಾಯಿತಿ ಪತ್ರ ಬರೆದುಕೊಟ್ಟರು; ನಿಲ್ದಾಣದಲ್ಲಿ ಅದನ್ನು ಮೂರು ಜನ ಓದಿದರು.

ರೈಲಿನವರು: ಅದಕ್ಕೇ ಹೇಳಿದ್ದು, ಕೀನ್ಯಾದಲ್ಲೇ ಉಳಿದಿದ್ದರೆ ಆ ನಿಲ್ದಾಣವೇ ಬರುತ್ತಿರಲಿಲ್ಲ.

ಪಾಜೆ ಮರಳು: ಲಿಕೋನಿಯ ಸರತಿಯಲ್ಲಿ ಸೊಂಟನೋವಿನವರನ್ನು ಒಂದೂವರೆ ಗಂಟೆ ಕೂರಿಸುವ ಸಲಹೆ ನಿಮ್ಮದೇ ತಾನೆ?