‘ಹಾಟ್ ಬಾಕ್ಸ್’: ಅಚ್ಚು ಕಾಯಿತೆ, ಸೀದುಹೋಯಿತೆ, ಕಮರಿತೆ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ಮುಂದೆ ಮೂರು ವಾರದಿಂದ ನಿಂತುಬಿಟ್ಟಿದ್ದೇನೆ. ಅಮೆರಿಕದ ಹಬೆ ಇಂಜಿನ್ ಕಾಲದ ಗೂಡ್ಸ್ ಗಾಡಿಗಳ ಬಗ್ಗೆ, ಹೈಸ್ಕೂಲಿನ ಮಕ್ಕಳಿಗೂ ತಿಳಿಯುವ ಹಾಗೆ, ಕನ್ನಡದಲ್ಲಿ ಒಂದು ಉದ್ದನೆಯ ಲೇಖನ ಬರೆಯುತ್ತಿದ್ದೇನೆ. ಇಂಜಿನ್ನು, ಬಾಯ್ಲರು, ಕಲ್ಲಿದ್ದಲು, ಫೈರ್‌ಮನ್ನು, ಸಿಳ್ಳೆ, ಶಂಟಿಂಗು ಎಲ್ಲ ನಮ್ಮವೇ ಆಗಿಹೋದ ಮಾತುಗಳು, ಎಲ್ಲೂ ತಡವರಿಸಲಿಲ್ಲ. ‘ಹಾಟ್ ಬಾಕ್ಸ್’ ಬಂದಾಗ ಮಾತ್ರ ಪೆನ್ನು ನಿಂತಿತು.

ನಮ್ಮಲ್ಲಿ ಯಾರ ಮನೆಯಲ್ಲಿ ಕೇಳಿದರೂ ಹಾಟ್ ಬಾಕ್ಸ್ ಎಂದರೆ ಚಪಾತಿ, ಇಡ್ಲಿ ಆರದಂತೆ ಮುಚ್ಚಿಡುವ ಪಾತ್ರೆ. ಅಮೆರಿಕದ ರೈಲಿನವರಿಗೆ ಅದು ಇಡೀ ಗಾಡಿಯನ್ನು ಹಳಿಯಿಂದ ಕೆಡವಬಲ್ಲ ಕಾಯಿಲೆ. ‘ಹಾಟ್ ಬಾಕ್ಸ್ ಆಗಿ ಗೂಡ್ಸ್ ಗಾಡಿ ನಿಂತಿತು’ ಎಂದು ಬರೆದರೆ ಓದುವವರ ಕಣ್ಣಿಗೆ ಏನು ಬಂದೀತು?

ಮೊದಲು ವಸ್ತು ಏನೆಂದು ಹೇಳಿಬಿಡುತ್ತೇನೆ. ರೈಲಿನಲ್ಲಿ ಗಾಲಿಗಳು ಅಚ್ಚಿಗೆ ಬಿಗಿಯಾಗಿ ಕೂತಿರುತ್ತವೆ. ಗಾಲಿ ತಿರುಗಿದರೆ ಅಚ್ಚೂ ಜೊತೆಗೇ ತಿರುಗುತ್ತದೆ. ಗಾಲಿಯಿಂದ ಆಚೆಗೆ ಚಾಚಿಕೊಂಡಿರುವ ಅಚ್ಚಿನ ತುದಿ ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಸೇರಿರುತ್ತದೆ. ಡಬ್ಬಿಯ ಭಾರವೆಲ್ಲ ಆ ತುದಿಯ ಮೇಲೆ ಕವುಚಿ ಕೂತ, ಕಂಚಿನ ಅರೆಬಳೆಯಂಥ ಬೇರಿಂಗಿನ ಮೂಲಕ ಇಳಿಯುತ್ತದೆ. ಅದರ ಒಳಮೈಗೆ ಸೀಸ, ತವರದಂಥ ಮೆದು ಲೋಹದ ಪದರ. ಪೆಟ್ಟಿಗೆಯ ತಳದಲ್ಲಿ ಎಣ್ಣೆಯಲ್ಲಿ ನೆನೆದ ನೂಲಿನ ಚಿಂದಿಯನ್ನು ಒತ್ತಾಗಿ ತುರುಕಿರುತ್ತಾರೆ. ಹಣತೆಯ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಅದು ಎಣ್ಣೆಯನ್ನು ಮೇಲಕ್ಕೆಳೆದು, ತಿರುಗುವ ಅಚ್ಚಿಗೆ ಕೆಳಗಿನಿಂದ ಒರೆಸುತ್ತಲೇ ಇರಬೇಕು.

ಎಣ್ಣೆ ಒಣಗಿದರೆ, ಧೂಳೋ ನೀರೋ ಒಳಹೊಕ್ಕರೆ, ಚಿಂದಿಯ ಒಂದು ಎಳೆ ಅಚ್ಚಿಗೂ ಬೇರಿಂಗಿಗೂ ನಡುವೆ ಸಿಕ್ಕಿಕೊಂಡರೆ ಉಜ್ಜಾಟ ಶುರು. ಮೆದು ಲೋಹ ಕರಗುತ್ತದೆ, ಚಿಂದಿಗೆ ಬೆಂಕಿ ಹತ್ತುತ್ತದೆ. ಯಾರೂ ಗಮನಿಸದೆ ಗಾಡಿ ಓಡುತ್ತಲೇ ಇದ್ದರೆ ಅಚ್ಚಿನ ತುದಿ ಕೆಂಪಗೆ ಕಾದು ಮೆತ್ತಗಾಗಿ ಮುರಿದು ಬೀಳುತ್ತದೆ. ಅಮೆರಿಕದ ಒಂದು ಸಾಧಾರಣ ಗೂಡ್ಸ್ ಡಬ್ಬಿಗೆ 4 ಅಚ್ಚು, ಅಂದರೆ 8 ಪೆಟ್ಟಿಗೆ. 60 ಡಬ್ಬಿಯ ಗಾಡಿಯಾದರೆ 480 ಪೆಟ್ಟಿಗೆ. ಅಷ್ಟರಲ್ಲಿ ಒಂದು ಕೆಟ್ಟರೂ ಸಾಕು.

ಅದಕ್ಕೇ ಗಾಡಿ ತಿರುವಿನಲ್ಲಿ ಬಾಗಿದಾಗಲೆಲ್ಲ ಮುಂದಿನವರು ಹಿಂದಕ್ಕೆ, ಹಿಂದಿನವರು ಮುಂದಕ್ಕೆ ಕಣ್ಣು ಹಾಯಿಸುತ್ತಿದ್ದರು. ಕೊನೆಯ ಡಬ್ಬಿಯ ಚಾವಣಿಯ ಮೇಲೆ ಗಾಜಿನ ಕಿಟಕಿಗಳ ಪುಟ್ಟ ಗೂಡು ಕಟ್ಟಿರುತ್ತಿದ್ದದ್ದಕ್ಕೆ ಇದೂ ಒಂದು ಕಾರಣ. ಹಗಲಲ್ಲಿ ಹೊಗೆ ಕಾಣಬೇಕು, ರಾತ್ರಿ ಕೆಂಡದ ಬೆಳಕು. ಇವೆರಡಕ್ಕೂ ಮೊದಲೇ ಸುದ್ದಿ ಕೊಡುತ್ತಿದ್ದದ್ದು ವಾಸನೆ. ಹಳಿಯ ಪಕ್ಕದಲ್ಲಿ ನಿಂತ ಕೆಲಸದವನು ಹಾದುಹೋಗುವ ಗಾಡಿಯವರಿಗೆ ಇದನ್ನು ತಿಳಿಸಬೇಕಾದರೆ ಕೂಗುತ್ತಿರಲಿಲ್ಲ, ತನ್ನ ಮೂಗನ್ನು ಬೆರಳಲ್ಲಿ ಹಿಡಿದು ತೋರಿಸುತ್ತಿದ್ದ. ಅಷ್ಟರಿಂದಲೇ ಗಾಡಿಯವರಿಗೆ ವಿಷಯ ಗೊತ್ತಾಗುತ್ತಿತ್ತು. ಗಾಡಿ ನಿಲ್ಲಿಸಿ, ಪೆಟ್ಟಿಗೆಯ ಮುಚ್ಚಳ ತೆಗೆದು ಹಳೆಯ ಚಿಂದಿ ಎಳೆದುಹಾಕಿ ಹೊಸದು ತುಂಬುತ್ತಿದ್ದರು. ಇಲ್ಲವೆ ಜಾಕಿ ಕೊಟ್ಟು ಬೇರಿಂಗ್ ಬದಲಿಸುತ್ತಿದ್ದರು. ಎರಡೂ ಆಗದಿದ್ದರೆ ಆ ಒಂದು ಡಬ್ಬಿಯನ್ನು ಮುಂದಿನ ಊರಿನ ಪಕ್ಕದ ಲೈನಿಗೆ ಬಿಟ್ಟು ಹೋಗುತ್ತಿದ್ದರು. 1930ರಲ್ಲಿ ಬೇರಿಂಗ್ ತಯಾರಿಸುವ ಟಿಮ್ಕೆನ್ ಕಂಪನಿ ಎಲ್ಲ ಅಚ್ಚುಗಳಿಗೂ ರೋಲರ್ ಬೇರಿಂಗ್ (ಉಜ್ಜದೆ ಉರುಳೆಗಳ ಮೇಲೆ ತಿರುಗುವ ಬೇರಿಂಗ್) ಇಟ್ಟ ಒಂದು ಹಬೆ ಇಂಜಿನ್ ಮಾಡಿಸಿ, 1111 ಎಂಬ ನಂಬರು ಕೊಟ್ಟು, ಹಲವು ರೈಲ್ವೆಗಳಲ್ಲಿ ಓಡಿಸಿ ತೋರಿಸಿತು. ಆದರೂ ಗೂಡ್ಸ್ ಡಬ್ಬಿಗಳಲ್ಲಿ ಚಿಂದಿ ತುಂಬಿದ ಪೆಟ್ಟಿಗೆಗಳು ಹಬೆಯ ಕಾಲ ಮುಗಿಯುವವರೆಗೂ, ಅದರಾಚೆಗೂ ಉಳಿದವು.

ಈಗ ಭಾಷೆಯ ವಿಚಾರ. ಈ ಒಂದೇ ಜಾಗದಲ್ಲಿ ಇಷ್ಟೊಂದು ಮೋಸದ ಪದಗಳು ಗುಂಪುಗೂಡಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಚ್ಚಿನ ತುದಿಗೆ ಅವರ ಹೆಸರು ‘ಜರ್ನಲ್’. ಕಂಪ್ಯೂಟರಿನ ಅನುವಾದಕ್ಕೆ ಹಾಕಿದರೆ ‘ಪತ್ರಿಕೆ’ ಎಂದು ಬಂದರೂ ಆಶ್ಚರ್ಯವಿಲ್ಲ. ನೂಲಿನ ಚಿಂದಿಗೆ ‘ವೇಸ್ಟ್’; ಅದು ಕಸವಲ್ಲ. ನಮ್ಮ ಗ್ಯಾರೇಜುಗಳಲ್ಲಿ ಕೈ ಒರೆಸಲು ಇಟ್ಟಿರುತ್ತಾರಲ್ಲ, ಆ ಕಾಟನ್ ವೇಸ್ಟು. ಬೇರಿಂಗಿಗೆ ‘ಬ್ರಾಸ್’ ಎನ್ನುತ್ತಾರೆ. ಹಿತ್ತಾಳೆ ಎಂದು ಬರೆದರೆ ಲೋಹವೇ ತಪ್ಪುತ್ತದೆ, ಅದು ಕಂಚು.

ಎಲ್ಲಕ್ಕಿಂತ ಕಷ್ಟ ‘ಟ್ರಕ್’. ಎರಡು ಅಚ್ಚು, ನಾಲ್ಕು ಗಾಲಿ ಸೇರಿದ ಕೆಳಗಿನ ಚೌಕಟ್ಟಿಗೆ ಅಮೆರಿಕದವರು ಟ್ರಕ್ ಎನ್ನುತ್ತಾರೆ. ಅದಕ್ಕೆ ಇಂಗ್ಲೆಂಡಿನ ಮಾತು ಬೋಗಿ. ನಮಗೆ ಟ್ರಕ್ ಎಂದರೆ ಲಾರಿ. ಬೋಗಿ ಎಂದರೆ ಜನ ಕೂರುವ ಇಡೀ ಡಬ್ಬಿ. ‘ಹಿಂದಿನ ಬೋಗಿಯ ಅಚ್ಚು’ ಎಂದು ಬರೆದರೆ ಕನ್ನಡದ ಓದುಗರು ಗಾಡಿಯ ಕೊನೆಗೆ ಹೋಗಿ ಹುಡುಕುತ್ತಾರೆ, ಆ ಅಚ್ಚು ಗಾಡಿಯ ನಡುವಿನ ಯಾವುದೋ ಡಬ್ಬಿಯ ಕೆಳಗಿರುತ್ತದೆ. ನಾನು ಸದ್ಯಕ್ಕೆ ‘ಗಾಲಿಚೌಕಟ್ಟು’ ಎಂದು ಬರೆದುಕೊಂಡಿದ್ದೇನೆ. ಮನಸ್ಸಿಗೆ ಒಪ್ಪಿದೆ. ನಿಮಗೆ ಒಪ್ಪದಿದ್ದರೆ ಹೇಳಿ.

ಹಾಟ್ ಬಾಕ್ಸಿಗೆ ಹಿಂದಿರುಗುತ್ತೇನೆ. ನಮ್ಮ ಬೀದಿಯಲ್ಲಿ ಗೂಡ್ಸ್ ಗಾರ್ಡಾಗಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. (2022ರಿಂದ ರೈಲ್ವೆಯಲ್ಲಿ ಗಾರ್ಡ್ ಎಂಬ ಹುದ್ದೆಯ ಹೆಸರೇ ‘ಟ್ರೈನ್ ಮ್ಯಾನೇಜರ್’ ಆಯಿತು. ಅವರಿಗೆ ಮಾತ್ರ ಇಂದಿಗೂ ಗಾರ್ಡ್ ಸಾಹೇಬ್ರು ಎಂದೇ ಕರೆ.) ಅವರನ್ನು ಕೇಳಿದೆ. ‘ನಾವು ಹಾಟ್ ಆಕ್ಸಲ್ ಅಂತಿದ್ವಿ ಕಣಪ್ಪ, ಗ್ಯಾಂಗ್‌ನವರು ಗಾಲಿ ಕಾದೈತೆ ಅನ್ನೋರು’ ಎಂದರು. ನಮ್ಮ ರೈಲ್ವೆಗಳ ಮಾತು ಹಾಟ್ ಆಕ್ಸಲ್ ಎಂಬುದು ನಿಜ. ಗಾಡಿ ನಿಲ್ಲದೆ ಹಾದುಹೋಗುವಾಗ ಸ್ಟೇಷನ್ನಿನವರು ಹಸಿರು ಬಾವುಟ ಹಿಡಿದು ನಿಲ್ಲುತ್ತಾರಲ್ಲ, ಯಾವುದಾದರೂ ಅಚ್ಚು ಕಾದಿದೆಯೆ, ಬ್ರೇಕು ಕಚ್ಚಿಕೊಂಡಿದೆಯೆ, ಏನಾದರೂ ಕಳಚಿ ನೇತಾಡುತ್ತಿದೆಯೆ ಎಂದು ನೋಡುವುದೂ ಅವರ ಕೆಲಸ. ನಿಂತ ಗಾಡಿಯಲ್ಲಾದರೆ ಪರೀಕ್ಷೆಯವರು ಪೆಟ್ಟಿಗೆಯಿಂದ ಪೆಟ್ಟಿಗೆಗೆ ನಡೆಯುತ್ತ ಅಂಗೈ ಹಿಂಬದಿಯಿಂದ ಮುಟ್ಟಿ ಬಿಸಿ ನೋಡುತ್ತಿದ್ದರು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಎಂದು ಆ ಹಿರಿಯರೇ ಕೈ ಆಡಿಸಿ ತೋರಿಸಿದರು.

‘ಅಚ್ಚು ಕಾದಿದೆ’ ಎಂದರೆ ಅರ್ಥ ಸರಿಯಾಗಿಯೇ ಇದೆ. ನನಗಿರುವ ಅಡ್ಡಿ ಎರಡು. ‘ಕಾಯು’ ಎಂಬುದು ಬಿಸಿಯಾಗುವುದೂ ಹೌದು, ಕಾವಲಿರುವುದೂ ಹೌದು, ಕಾದು ಕೂರುವುದೂ ಹೌದು. ‘ಅಚ್ಚು’ ಎಂಬುದು ಗಾಲಿಯದೂ ಹೌದು, ಛಾಪಖಾನೆಯದೂ ಹೌದು, ಬೆಲ್ಲದ್ದೂ ಹೌದು. ಎರಡನ್ನೂ ಜೋಡಿಸಿದರೆ ರೈಲಿನ ಪರಿಚಯವಿಲ್ಲದ ಮಗುವಿಗೆ ಹಿಡಿತ ಸಿಕ್ಕುವುದಿಲ್ಲ. ಎರಡನೆಯದು ಇನ್ನೂ ಮುಖ್ಯ: ಕಾಯುವುದು ಬರೀ ಮೊದಲ ಹಂತ. ಸುಡುವುದು, ಹೊಗೆಯಾಡುವುದು, ನಾರುವುದು ಅದರೊಳಗಿಲ್ಲ.

ನಮ್ಮ ಎತ್ತಿನ ಗಾಡಿಯ ಮಾತುಗಳಲ್ಲಿ ಹುಡುಕೋಣ ಎಂದುಕೊಂಡೆ. ಅರಸೀಕೆರೆಯ ಸೀಮೆಯವನು ನಾನು. ಅಚ್ಚಿಗೆ ತಾತ ‘ಇರಚಿ’ ಎನ್ನುತ್ತಿದ್ದರು, ತಮಿಳಿನಲ್ಲಿ ಇರುಸು. ಗಾಲಿ ಕಳಚದಂತೆ ಇರಚಿಯ ತುದಿಗೆ ಸಿಕ್ಕಿಸುವುದು ಕಡಾಣಿ. ಅದನ್ನೇ ಕಡೆಗೀಲು ಎನ್ನುವುದು ವಚನಗಳ ಕಾಲದಿಂದ ಬಂದ ಮಾತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆ ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯಡಿಯಲ್ಲಿ ತೂಗುತ್ತಿತ್ತು. ದೂರದ ಸಂತೆಗೆ ಹೊರಡುವ ಮುನ್ನ ಗಾಲಿ ಸರಿಸಿ ಕೀಲೆಣ್ಣೆ ಹಾಕದೆ ತಾತ ನೊಗಕ್ಕೆ ಎತ್ತು ಕಟ್ಟುತ್ತಿರಲಿಲ್ಲ. ರೈಲಿನ ಪೆಟ್ಟಿಗೆಗೆ ಹಾಕುವ ಎಣ್ಣೆಗೆ ಕೀಲೆಣ್ಣೆ ಎಂದೇ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯ ಪದ ಸಿಕ್ಕದು, ಇದನ್ನು ಬಿಡುವ ಮನಸ್ಸೂ ನನಗಿಲ್ಲ.

ಆದರೆ ಕೀಲೆಣ್ಣೆ ಇಲ್ಲದಾಗ ಏನಾಗುತ್ತದೆ ಎಂಬಲ್ಲಿ ದಾರಿ ಕವಲಾಗುತ್ತದೆ. ಎತ್ತಿನ ಗಾಡಿಯಲ್ಲಿ ಇರಚಿ ಅಲುಗದೆ ನಿಂತಿರುತ್ತದೆ, ಗಾಲಿಯ ಗುಂಬ ಅದರ ಸುತ್ತ ತಿರುಗುತ್ತದೆ. ಎಣ್ಣೆ ಒಣಗಿದರೆ ಗಾಡಿ ಕಿರ್ರೆಂದು ಅರಚುತ್ತದೆ, ಊರಿಗೆಲ್ಲ ಕೇಳುತ್ತದೆ. ಎತ್ತಿನ ನಡೆಗೆ ಬೆಂಕಿ ಹತ್ತುವ ಮಾತೇ ಇಲ್ಲ. ಹಾಗಾಗಿ ಅಲ್ಲಿರುವ ಪದಗಳೆಲ್ಲ ಸದ್ದಿನವು: ಕಿರುಗುಟ್ಟು, ಅರಚು. ಸುಡುವುದಕ್ಕೆ ನಮ್ಮ ಗಾಡಿಯವರಿಗೆ ಪದವೇ ಬೇಕಾಗಿರಲಿಲ್ಲ.

ಕೊನೆಗೆ ಪದ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅನ್ನ ಸೀದುಹೋಗುತ್ತದೆ, ಉತ್ತರ ಕರ್ನಾಟಕದ ಗೆಳೆಯರ ಮನೆಯಲ್ಲಿ ಅದು ‘ಹೊತ್ತೈತಿ’. ಎಣ್ಣೆ ಮಿತಿಮೀರಿ ಕಾದು ಸುಟ್ಟಾಗ, ಬಟ್ಟೆಯ ಅಂಚಿಗೋ ಕೂದಲಿಗೋ ಬೆಂಕಿ ತಾಗಿದಾಗ ನಮ್ಮ ಮನೆಯಲ್ಲಿ ಹೇಳುವ ಮಾತು ಬೇರೆ: ‘ಏನೋ ಕಮರ್ತಿದೆ ನೋಡು’. ಕಮರು ವಾಸನೆ ಎಂದರೆ ಸಾಕು, ಎಲ್ಲರೂ ಎದ್ದು ಒಲೆಯ ಕಡೆ ಓಡುತ್ತಾರೆ. ಪೆಟ್ಟಿಗೆಯೊಳಗೆ ಸುಡುವುದೂ ಇದೇ ತಾನೆ, ಎಣ್ಣೆ ಮತ್ತು ನೂಲು? ಬಿಸಿ, ಸುಡುವಿಕೆ, ವಾಸನೆ ಮೂರೂ ಈ ಒಂದು ಕ್ರಿಯಾಪದದಲ್ಲಿವೆ. ಮೂಗು ಹಿಡಿದು ತೋರಿಸುವ ಆ ಸನ್ನೆಯನ್ನು ವಿವರಿಸಿದ ಮೇಲೆ ‘ಅಚ್ಚು ಕಮರಿತು’ ಎಂದರೆ ಬೇರೆ ವ್ಯಾಖ್ಯಾನವೇ ಬೇಡ ಎನಿಸಿತು.

ಇಷ್ಟು ದಿನ ನಾನು ಎಡವುತ್ತಿದ್ದದ್ದು ಎಲ್ಲಿ ಎಂದು ಆಗ ಗೊತ್ತಾಯಿತು. ಅವರದು ನಾಮಪದ ಎಂದು ನಾನೂ ನಾಮಪದವನ್ನೇ ಹುಡುಕುತ್ತಿದ್ದೆ. ಬಿಸಿಪೆಟ್ಟಿಗೆ, ಕಾದಚ್ಚು, ಅಚ್ಚುರಿ ಎಂದೆಲ್ಲ ಬರೆದು ಹೊಡೆದುಹಾಕಿದೆ. ಬಿಸಿಪೆಟ್ಟಿಗೆ ಮತ್ತೆ ಇಡ್ಲಿಗೇ ಹೋಗುತ್ತದೆ, ಅಚ್ಚುರಿ ಅಚ್ಚರಿಯಂತೆ ಕೇಳಿಸುತ್ತದೆ. ಯಂತ್ರಕ್ಕೆ ಏನಾಯಿತು ಎಂದು ಹೇಳುವಾಗ ಕನ್ನಡದವರು ಕ್ರಿಯಾಪದದಲ್ಲೇ ಹೇಳುತ್ತೇವೆ: ಮೋಟರು ಸುಟ್ಟಿತು, ಚೈನು ಕಳಚಿತು, ಗಾಡಿ ಕೆಟ್ಟು ನಿಂತಿತು. ಅಲ್ಲಿ ಕಾಯಿಲೆಗೆ ಹೆಸರಿಡಬೇಕಾದ ಕಷ್ಟವೇ ಇಲ್ಲ. ನಾಮಪದ ತೀರ ಬೇಕಾದ ಕಡೆ, ಲೇಖನದ ಒಂದು ಉಪಶೀರ್ಷಿಕೆಯಲ್ಲಿ ಮಾತ್ರ, ‘ಕಮರಿದ ಅಚ್ಚು’ ಎಂದಿಟ್ಟಿದ್ದೇನೆ.

ಇನ್ನೊಂದು ಪದವನ್ನೂ ಇಲ್ಲಿ ಕೇಳಿಬಿಡುತ್ತೇನೆ, ಬ್ರೇಕ್‌ಮನ್. ಗಾಳಿ ಬ್ರೇಕು ಎಲ್ಲ ಡಬ್ಬಿಗಳಿಗೂ ಬರುವ ಮುಂಚೆ ಈತನ ಕೆಲಸ ಓಡುವ ಗೂಡ್ಸ್ ಗಾಡಿಯ ಚಾವಣಿಯ ಮೇಲೆ ನಡೆದು, ಇಂಜಿನ್ನಿನ ಸಿಳ್ಳೆ ಕೇಳಿದಾಗ ಒಂದೊಂದು ಡಬ್ಬಿಯ ಕೈಚಕ್ರ ತಿರುಗಿಸಿ ಬ್ರೇಕು ಬಿಗಿಯುವುದು. ಮಳೆ, ಮಂಜು, ರಾತ್ರಿ ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಡಬ್ಬಿ ಜೋಡಿಸುವಾಗ ಕೊಂಡಿಗೆ ಕೈಯಿಂದಲೇ ಗೂಟ ಹಾಕಬೇಕಿತ್ತು. ಬೆರಳು ಕಳೆದುಕೊಂಡವರಿಗೆ ಲೆಕ್ಕವಿಲ್ಲ. ಈಲೈ ಜ್ಯಾನಿ ಎಂಬಾತ ತಾನಾಗಿ ಕಚ್ಚಿಕೊಳ್ಳುವ ಕೊಂಡಿಗೆ ಪೇಟೆಂಟ್ ಪಡೆದದ್ದು 1873ರಲ್ಲಿ. ಅದನ್ನೂ ಗಾಳಿ ಬ್ರೇಕನ್ನೂ ಕಡ್ಡಾಯ ಮಾಡುವ ಕಾನೂನು ಬಂದದ್ದು 1893ರಲ್ಲಿ. ಇಪ್ಪತ್ತು ವರ್ಷ! ಅದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಯಿತು.

ಎತ್ತಿನ ಗಾಡಿಯ ಇಳಿಜಾರಿನ ತಡೆಗೆ ‘ಬಿರಿ’ ಎಂಬ ಪದವಿದೆ. ಅದೂ ಗಾಲಿಗೆ ಒತ್ತಿ ಹಿಡಿಯುವುದೇ, ಇದೂ ಗಾಲಿಗೆ ಒತ್ತಿ ಹಿಡಿಯುವುದೇ. ಹಾಗೆಂದು ‘ಬಿರಿಗಾರ’ ಎಂದು ಹೊಸದಾಗಿ ಕಟ್ಟಲು ನನಗೆ ಧೈರ್ಯವಿಲ್ಲ. ಬ್ರೇಕು ಎಂಬುದು ಸೈಕಲ್ ಓಡಿಸುವ ಮಗುವಿನ ಬಾಯಲ್ಲೂ ಇದೆ. ಬ್ರೇಕ್‌ಮನ್ ಎಂದೇ ಉಳಿಸಿ, ‘ಚಾವಣಿಯ ಮೇಲೆ ಓಡಾಡುತ್ತ ಬಿರಿ ಬಿಗಿಯುವವನು’ ಎಂದು ಒಮ್ಮೆ ಹೇಳಿದ್ದೇನೆ. ಅಲ್ಲಿನ ‘ಕಂಡಕ್ಟರ್’ ನಮ್ಮ ಗಾರ್ಡು, ಅಲ್ಲಿನ ‘ಇಂಜಿನಿಯರ್’ ನಮ್ಮ ಡ್ರೈವರು. ಈ ಎರಡರಲ್ಲಿ ನಮ್ಮ ಹೆಸರುಗಳನ್ನೇ ಹಾಕಿದ್ದೇನೆ, ಇಲ್ಲವಾದರೆ ಗೂಡ್ಸ್ ಗಾಡಿಯಲ್ಲಿ ಟಿಕೆಟ್ ಹರಿಯುವವನು ಯಾಕೆ ಎಂದು ಮಕ್ಕಳು ಕೇಳುತ್ತಾರೆ.

ಬಳಗದವರಲ್ಲಿ ನನ್ನ ಕೋರಿಕೆ ಇದು. ‘ಕಮರು’ ನಿಮ್ಮ ಕಡೆ ಬಳಕೆಯಲ್ಲಿದೆಯೆ? ಇದ್ದರೆ ಯಾವುದು ಸುಟ್ಟಾಗ ಹಾಗೆನ್ನುತ್ತೀರಿ? ‘ಕಮಟು’ ಎಂಬುದು ನಮಗೆ ಹಳಸಿದ ಎಣ್ಣೆಯ ವಾಸನೆ. ಕಮರಿಗೂ ಅದಕ್ಕೂ ನಿಮ್ಮಲ್ಲಿ ಭೇದ ಇದೆಯೆ, ಅಥವಾ ಎರಡೂ ಒಂದೇ ಎನ್ನುವ ಊರುಗಳಿವೆಯೆ? ಕರಾವಳಿಯವರು, ಕೊಡಗಿನವರು ಹೇಳಿದರೆ ಬಹಳ ಉಪಕಾರ.

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ, ಮೈಸೂರಿನದರಲ್ಲಿ ಕೆಲಸ ಮಾಡಿದವರ ಮಕ್ಕಳು, ಮೊಮ್ಮಕ್ಕಳು ಈ ಬಳಗದಲ್ಲಿ ಖಂಡಿತ ಇದ್ದೀರಿ. ಹಬೆ ಇಂಜಿನ್‌ಗಳು ನಿಂತು ಇನ್ನೂ ಒಂದು ತಲೆಮಾರು ಕಳೆದಿದೆ ಅಷ್ಟೆ. ಆ ಪೆಟ್ಟಿಗೆಗೆ ಚಿಂದಿ ತುಂಬಿದ ಕೈಗಳು ಕೆಲವಾದರೂ ಇನ್ನೂ ಇರಬಹುದು. ಚಿಂದಿಗೆ ಅವರು ಏನೆನ್ನುತ್ತಿದ್ದರು? ಪೆಟ್ಟಿಗೆಯ ಮುಚ್ಚಳಕ್ಕೆ? ಅಚ್ಚು ಕಾದು ಹೊಗೆ ಎದ್ದಾಗ ಒಬ್ಬರನ್ನೊಬ್ಬರು ಕೂಗಿ ಹೇಳುತ್ತಿದ್ದ ಮಾತು ಯಾವುದು? ಇವತ್ತೇ ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಅವರು ಆಡಿದ ಮಾತು ಸಿಕ್ಕಿದರೆ ನನ್ನ ‘ಕಮರಿತು’ ಹೊಡೆದುಹಾಕಿ ಅದನ್ನೇ ಹಾಕುತ್ತೇನೆ.