ಕಾರ್ಲ್ ಸ್ಯಾಂಡ್‌ಬರ್ಗ್: ಯಾವ ಪುಸ್ತಕ ತರಿಸಲಿ? ಓದಿದವರು ಹೇಳಿ

ಕೇಳಿದವರು, ಬೆಂಗಳೂರು:
ಅಮೆರಿಕದ ಕವಿ ಸ್ಯಾಂಡ್‌ಬರ್ಗ್ ಅವರ 'ಫಾಗ್' ಓದಿದೆ. ಆರೇ ಸಾಲಿನ ಕವನ, ತುಂಬಾ ಹಿಡಿಸಿತು. ಆಮೇಲೆ ನೋಡಿದರೆ ಲಿಂಕನ್ ಜೀವನಚರಿತ್ರೆಯನ್ನೂ ಇವರೇ ಬರೆದಿದ್ದಾರೆ, ಅದೂ ಆರು ಸಂಪುಟ. ಮಕ್ಕಳ ಕಥೆ, ಹಾಡಿನ ಸಂಗ್ರಹ, ಕಾದಂಬರಿ ಕೂಡ ಇವೆ. ಡಿಸೆಂಬರ್‌ನಲ್ಲಿ ತಂಗಿ ಅಮೆರಿಕದಿಂದ ಬರುತ್ತಾಳೆ. ಅವಳ ಸೂಟ್‌ಕೇಸಿನಲ್ಲಿ ನನಗೆ ನಾಲ್ಕು ಕೆಜಿ ಜಾಗ ಕೊಟ್ಟಿದ್ದಾಳೆ. ಮನೆಯಲ್ಲಿ ಒಂಬತ್ತು ವರ್ಷದ ಮಗಳಿದ್ದಾಳೆ. ಯಾವುದು ತರಿಸಲಿ?

ಇಲಿನಾಯ್‌ನಿಂದ:
ಆರೂ ಸಂಪುಟ ತಗೊಳ್ಳಿ. ನಾನು ಹಳೇ ಪುಸ್ತಕದ ಅಂಗಡಿಯಲ್ಲಿ 85 ಡಾಲರ್ ಕೊಟ್ಟು ತಂದೆ. ಮನೆಗೆ ಬಂದು ಬಿಚ್ಚಿದರೆ ಕೊನೆಯ ನಾಲ್ಕು ಸಂಪುಟ, ಅಂದರೆ 'ದಿ ವಾರ್ ಇಯರ್ಸ್', ಅದರ ಮೂರನೇ ಸಂಪುಟವೇ ಇಲ್ಲ, ಎರಡನೆಯದು ಎರಡು ಪ್ರತಿ ಇದೆ! ವಾಪಸ್ ಹೋದರೆ ಬಿಲ್ ಕೇಳಿದರು. ನನ್ನ ಹತ್ತಿರ ಇರಲಿಲ್ಲ. ಮೂರನೆಯದನ್ನು ಬೇರೆ ಕಡೆಯಿಂದ ತರಿಸಿದೆ. ಪುಸ್ತಕಕ್ಕೆ 22, ಅಂಚೆಗೆ 9. ಒಟ್ಟು 116 ಡಾಲರ್. ಬಂದದ್ದು ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಹದಿನೈದು ದಿನ ಕಿಟಕಿ ಹತ್ತಿರ ಬಿಡಿಸಿಟ್ಟೆ. ಪೂರ್ತಿ ಓದಲು ಹದಿನಾಲ್ಕು ತಿಂಗಳು ಹಿಡಿಯಿತು. ಒಂದು ದಿನಕ್ಕೂ ಬೇಜಾರಿಲ್ಲ. ಶ್ವೇತಭವನದಲ್ಲಿ ಕೆಲಸ ಕೇಳಿಕೊಂಡು ಕಾಯುವ ಜನ, ಮಗನ ಪ್ರಾಣ ಉಳಿಸಿ ಅಂತ ಬರುವ ತಾಯಂದಿರು, ಎಲ್ಲರೂ ಅದರಲ್ಲಿದ್ದಾರೆ. 1940ರಲ್ಲಿ 'ದಿ ವಾರ್ ಇಯರ್ಸ್'ಗೆ ಅಮೆರಿಕದ ದೊಡ್ಡ ಬಹುಮಾನ ಪುಲಿಟ್ಜರ್ ಬಂದದ್ದು ಇತಿಹಾಸ ವಿಭಾಗದಲ್ಲಿ. ಯಾಕೆ ಗೊತ್ತಾ? ವಾಷಿಂಗ್ಟನ್, ಲಿಂಕನ್ ಬಗ್ಗೆ ಬರೆದದ್ದನ್ನು ಆಗ ಜೀವನಚರಿತ್ರೆಯ ಬಹುಮಾನಕ್ಕೆ ಪರಿಗಣಿಸುತ್ತಿರಲಿಲ್ಲ.

ಮೈಸೂರಿನಿಂದ:
ಇಂಥ ಮಾತು ನಂಬಿಯೇ ನಾನೂ ತರಿಸಿದೆ. ಕೊರಿಯರ್‌ಗೆ 140 ಡಾಲರ್. ಇಲ್ಲಿ ಸುಂಕ, ಅದೂ ಇದೂ ಅಂತ 2,300 ರೂಪಾಯಿ. ಡಬ್ಬ ಮಳೆಯಲ್ಲಿ ನೆಂದು ಬಂತು. ಎರಡು ಸಂಪುಟದ ಬೈಂಡಿಂಗ್ ಕಿತ್ತು ಬಂದಿತ್ತು, ಮತ್ತೆ ಹಾಕಿಸಲು 450. ದುಡ್ಡು ಹೋಗಲಿ ಬಿಡಿ. ಮೊದಲ ಎರಡು ಸಂಪುಟ, 1926ರ 'ದಿ ಪ್ರೇರಿ ಇಯರ್ಸ್' ನೆಚ್ಚಿಕೊಂಡು ಎಂ.ಎ.ಗೆ ಪ್ರಬಂಧ ಬರೆದೆ. ಆನ್ ರಟ್ಲೆಡ್ಜ್ ಮೇಲೆ ಲಿಂಕನ್‌ಗಿದ್ದ ಪ್ರೀತಿಯ ಭಾಗ ಮನಸ್ಸಿಗೆ ತಟ್ಟಿತ್ತು, ಅದನ್ನೇ ಎತ್ತಿಕೊಂಡೆ. ನಮ್ಮ ಮೇಷ್ಟ್ರು ಕೆಂಪು ಪೆನ್ನಲ್ಲಿ 'ಆಧಾರ ಎಲ್ಲಿ?' ಅಂತ ಬರೆದರು. ಎಲ್ಲಿಂದ ಕೊಡಲಿ? ಪುಸ್ತಕದಲ್ಲಿ ಅಡಿಟಿಪ್ಪಣಿಯೇ ಇಲ್ಲ. ಹಂತಕ ಬೂತ್ ಗುಂಡು ಹೊಡೆದ ಮೇಲೆ ಲಿಂಕನ್‌ಗೆ ಆದ ಅತಿ ದೊಡ್ಡ ಕ್ರೌರ್ಯ ಸ್ಯಾಂಡ್‌ಬರ್ಗ್ ಕೈಗೆ ಸಿಕ್ಕಿದ್ದೇ ಅನ್ನಿಸುತ್ತದೆ ಅಂತ ವಿಮರ್ಶಕ ಎಡ್ಮಂಡ್ ವಿಲ್ಸನ್ 1962ರಲ್ಲೇ ಬರೆದಿದ್ದರು. ನನಗೆ ಅದು ಗೊತ್ತಾಗುವಾಗ ಅಂಕ ಹೋಗಿತ್ತು.

ಇಲಿನಾಯ್‌ನಿಂದ:
ವಿಲ್ಸನ್ ಹೇಳಿದರೆ ಮುಗೀತಾ ಸರ್? ಸ್ಯಾಂಡ್‌ಬರ್ಗ್ 1878ರಲ್ಲಿ ಹುಟ್ಟಿದ್ದು ಗೇಲ್ಸ್‌ಬರ್ಗ್‌ನಲ್ಲಿ. ಲಿಂಕನ್ ಮತ್ತು ಅವರ ಚುನಾವಣಾ ಎದುರಾಳಿ ಡಗ್ಲಸ್ 1858ರಲ್ಲಿ ವಾದ ಮಾಡಿದ ಊರು ಅದು. ಆ ವಾದ ಕೇಳಿದವರ ಮಧ್ಯೆ ಬೆಳೆದವರಿಗೆ ಅಡಿಟಿಪ್ಪಣಿ ಕೇಳ್ತೀರಲ್ಲ. ಎರಡು ಸಂಪುಟ ಓದಿ ಆರಕ್ಕೂ ಬೈಯುವುದು ಅನ್ಯಾಯ.

ಮೈಸೂರಿನಿಂದ:
ಎರಡೇ ಓದಿದ್ದೇನೆ ಅಂತ ನಿಮಗೆ ಹೇಳಿದವರು ಯಾರು?

ಅಟ್ಲಾಂಟದಿಂದ:
ಲಿಂಕನ್ ಆಮೇಲೆ ನೋಡೋಣ. ಇವರು ಮೊದಲು ಕವಿ. ಅಪ್ಪ ಸ್ವೀಡನ್‌ನಿಂದ ಬಂದು ರೈಲ್ವೆಯಲ್ಲಿ ಕಮ್ಮಾರನ ಕೈಕೆಳಗೆ ದುಡಿದವರು. ಮಗ ಹಾಲಿನ ಗಾಡಿಯಲ್ಲಿ ಕೆಲಸ ಮಾಡಿದರು, ಗೂಡ್ಸ್ ರೈಲು ಹತ್ತಿ ಅಲೆದರು. 1916ರ 'ಶಿಕಾಗೊ ಪೊಯೆಮ್ಸ್'ನಲ್ಲಿ ಆ ಬೆವರಿದೆ. ನಮ್ಮಪ್ಪ ಮೂವತ್ತು ವರ್ಷ ಲೇತ್ ಮುಂದೆ ನಿಂತವರು. ಅವರು ಹೋದ ವರ್ಷ ನಾನು ಬೇರೇನೂ ಓದಲಿಲ್ಲ. ಎಲ್ಲ ಕವನಗಳ ಒಟ್ಟು ಸಂಪುಟ 31 ಡಾಲರ್‌ಗೆ ಸಿಕ್ಕಿತು. ಅದಕ್ಕೂ 1951ರಲ್ಲಿ ಪುಲಿಟ್ಜರ್ ಬಂದಿದೆ. ಆಮೇಲೆ ನಾರ್ತ್ ಕ್ಯಾರೊಲಿನಾದ ಫ್ಲಾಟ್ ರಾಕ್‌ನಲ್ಲಿರುವ ಅವರ ಮನೆಗೂ ಹೋಗಿ ಬಂದೆವು. ಪೆಟ್ರೋಲ್ 64, ರೂಮಿಗೆ 138, ದಿನವಿಡೀ ಮಳೆ ಬೇರೆ. ಆದರೂ ಮೇಕೆ ನೋಡಿ ಮಕ್ಕಳು ಕುಣಿದಾಡಿದರು. ಹೆಂಡತಿ ಲಿಲಿಯನ್ ಹಾಲಿನ ಮೇಕೆ ಸಾಕುತ್ತಿದ್ದರು. 1945ರಲ್ಲಿ ಮಿಷಿಗನ್ ಬಿಟ್ಟು ಅಲ್ಲಿಗೆ ಬಂದದ್ದರಲ್ಲಿ ಮೇಕೆಗಳಿಗೆ ಒಳ್ಳೆ ಹುಲ್ಲು ಸಿಗಲಿ ಅನ್ನುವುದೂ ಒಂದು ಕಾರಣ.

ಮೈಸೂರಿನಿಂದ:
ಮೇಕೆಗೂ ಪ್ರಶ್ನೆಗೂ ಏನು ಸಂಬಂಧ?

ಅಟ್ಲಾಂಟದಿಂದ:
ಇದೆ. ಮನೆ, ಕೊಟ್ಟಿಗೆ ಎಲ್ಲ ಆಕೆ ನೋಡಿಕೊಂಡಿದ್ದಕ್ಕೆ ಇವರು ರಾತ್ರಿಯೆಲ್ಲ ಕೂತು ಬರೆಯಲಾಯ್ತು. ಆ ಮಾತು ಯಾರೂ ಎತ್ತುವುದಿಲ್ಲ, ನಾನು ಎತ್ತುತ್ತೇನೆ.

ಹುಬ್ಬಳ್ಳಿಯಿಂದ:
ಮಗಳ ವಿಷಯ ಕೇಳಿದ್ರಲ್ಲ, ಅದನ್ನೇ ಎಲ್ಲರೂ ಬಿಟ್ಟರು. 1922ರ 'ರೂಟಬಾಗ ಸ್ಟೋರೀಸ್' ತರಿಸಿ ಮೇಡಂ. ನನ್ನ ಮಗ ಒಂದು ವರ್ಷ ಪುಸ್ತಕ ಅಂದರೆ ಓಡಿ ಹೋಗುತ್ತಿದ್ದ. ಟ್ಯೂಷನ್‌ಗೆ ತಿಂಗಳಿಗೆ 1,800 ಸುರಿದೆ, ಏನೂ ಆಗಲಿಲ್ಲ. ಒಂದು ರಾತ್ರಿ ಈ ಕಥೆ ಕನ್ನಡದಲ್ಲಿ ಹೇಳಿದೆ. ಅದರಲ್ಲಿ ಒಬ್ಬ ಅಪ್ಪನ ಹೆಸರು 'ಗಿಮ್ಮಿ ದಿ ಆಕ್ಸ್'. ನಾನು 'ಕೊಡಲಿ ಕೊಡು' ಅಂದೆ. ಹುಡುಗ ಹಾಸಿಗೆ ಮೇಲೆ ಬಿದ್ದು ನಕ್ಕ! ಕಥೆಯಲ್ಲಿ ಆ ಅಪ್ಪನ ಮಗನ ಹೆಸರು 'ದಯವಿಟ್ಟು ಕೊಡು', ಮಗಳದ್ದು 'ನನ್ನ ಏನೂ ಕೇಳಬೇಡ'. ನೆಟ್ಟಗಿದ್ದ ರೈಲು ಹಳಿ ಅಂಕುಡೊಂಕಾಗುವ ಊರು. ಆಲೂಗಡ್ಡೆ ಮುಖದ ಕುರುಡಜ್ಜ. ಈಗ ಅವನೇ ಓದುತ್ತಾನೆ. ಆರು ಸಂಪುಟ ಈ ಕೆಲಸ ಮಾಡುತ್ತದಾ?

ಇಲಿನಾಯ್‌ನಿಂದ:
ಮಕ್ಕಳ ಕಥೆಯನ್ನೂ 'ದಿ ವಾರ್ ಇಯರ್ಸ್'ಅನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹುಬ್ಬಳ್ಳಿಯಿಂದ:
ಯಾಕೆ ಹಾಕಬಾರದು? ಬರೆದ ಕೈ ಒಂದೇ ಅಲ್ವಾ? ಮೂವರು ಹೆಣ್ಣುಮಕ್ಕಳ ಅಪ್ಪ ಅವರು, ಮನೆಯಲ್ಲಿ ಹೇಳಿದ ಕಥೆ ಇವು.

ಶಿಕಾಗೊದಿಂದ:
ಪತ್ರಕರ್ತ ಸ್ಯಾಂಡ್‌ಬರ್ಗ್‌ರನ್ನು ಮರೆತೇ ಬಿಟ್ಟಿರಿ. 1919ರ ಜುಲೈಯಲ್ಲಿ 'ಶಿಕಾಗೊ ಡೈಲಿ ನ್ಯೂಸ್'ಗೆ ಕಪ್ಪು ಜನರ ಬಾಡಿಗೆ ಮನೆ, ಕೂಲಿ ಬಗ್ಗೆ ಸಾಲಾಗಿ ವರದಿ ಬರೆಯುತ್ತಿದ್ದರು. ಅಷ್ಟರಲ್ಲೇ ಗಲಭೆ ಹತ್ತಿಕೊಂಡಿತು. ಸತ್ತವರು 38. ಆ ವರದಿಗಳು ಪುಸ್ತಕವಾಗಿವೆ. ತೆಳ್ಳಗಿದೆ, ಕೈಚೀಲದಲ್ಲೇ ಬರುತ್ತದೆ. ಈ ಊರಲ್ಲಿ ಬಾಡಿಗೆ ಮನೆ ಹುಡುಕುವಾಗ ನನ್ನ ಹೆಸರು ಕೇಳಿ ಫೋನ್ ಇಟ್ಟವರಿದ್ದಾರೆ. ಅದಕ್ಕೇ ನನಗೆ ಅವರ ಪುಸ್ತಕಗಳಲ್ಲಿ ಇದೇ ದೊಡ್ಡದು.

ಕೇಳಿದವರು, ಬೆಂಗಳೂರು:
'ರೂಟಬಾಗ' ಖಂಡಿತ ತರಿಸುತ್ತೇನೆ, ಹುಬ್ಬಳ್ಳಿ ಅಕ್ಕನಿಗೆ ಥ್ಯಾಂಕ್ಸ್. ಲಿಂಕನ್‌ದು 1954ರಲ್ಲಿ ಅವರೇ ಒಂದು ಸಂಪುಟಕ್ಕೆ ಇಳಿಸಿದ್ದಾರಂತೆ. ನಾಲ್ಕು ಕೆಜಿಗೆ ಅದು ಸರಿ ಹೋಗುತ್ತಾ?

ಇಲಿನಾಯ್‌ನಿಂದ:
ಬೇಡ. ಶ್ವೇತಭವನದ ಬಾಗಿಲಲ್ಲಿ ಕಾಯುವ ಆ ಜನರನ್ನೆಲ್ಲ ಕಳೆದುಕೊಳ್ಳುತ್ತೀರಿ.

ಕೇಳಿದವರು, ಬೆಂಗಳೂರು:
ಹಾಗಾದರೆ ಮೈಸೂರಿನವರೇ, ನಿಮ್ಮ ಆರು ಸಂಪುಟ ಮಾರುತ್ತೀರಾ? ನಾನೇ ಬಂದು ತಗೊಂಡು ಹೋಗುತ್ತೇನೆ.

ಮೈಸೂರಿನಿಂದ:
ಇಲ್ಲ. ಓದುತ್ತಾ ಗೆಟಿಸ್‌ಬರ್ಗ್ ಯುದ್ಧದ ತನಕ ಬಂದಿದ್ದೇನೆ.