ಪದಚರ್ಚೆ: 'ಮೋಡ್', 'ಬಾರೋಡ್ ಕಾರ್ಡ್' – ಕನ್ನಡದಲ್ಲಿ ಏನನ್ನೋಣ?

ಗಿಟಾರ್ ಕಲಿಯುವವರ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಕೊಡಬೇಕು. ಎರಡು ಪದಗಳು ಬಗೆಹರಿದಿಲ್ಲ. 'ಮೋಡ್'ಗೆ ಸದ್ಯಕ್ಕೆ 'ರಾಗ' ಅಂತ ಹಾಕಿದ್ದೇನೆ, 'ಬಾರೋಡ್ ಕಾರ್ಡ್'ಗೆ (ಬೇರೆ ಸ್ವರಶ್ರೇಣಿಯಿಂದ ತಂದು, ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) 'ಸಾಲದ ಕಾರ್ಡ್'. ಎರಡನೆಯದನ್ನು ಓದಿದವರಿಗೆ ಬ್ಯಾಂಕಿನ ಕಾರ್ಡೇ ನೆನಪಾಗುತ್ತದೆ. ದಯವಿಟ್ಟು ಬೇಗ ಹೇಳಿ.

* * *

ರಾಗ ಬೇಡವೇ ಬೇಡ. ಡೋರಿಯನ್ ಅನ್ನುವ ಮೋಡ್‌ನ ಸ್ವರಗಳು ಖರಹರಪ್ರಿಯ ರಾಗದವೇ, ನಿಜ. ಆದರೆ ಗಮಕ (ಸ್ವರದ ಬಳುಕು), ಸಂಚಾರ (ಸ್ವರಗಳ ನಡೆ) ಇಲ್ಲದೆ ರಾಗ ಆಗುವುದಿಲ್ಲ. ಮೋಡ್‌ಗೆ ಏಳು ಸ್ವರ, ಅವುಗಳಲ್ಲಿ ಒಂದು ಮನೆ, ಅಷ್ಟೇ ಸಾಕು. ಸಿ ಮೇಜರ್‌ನ ಸ್ವರಗಳನ್ನೇ ಇಟ್ಟುಕೊಂಡು ಡಿಯನ್ನು ಮನೆ ಮಾಡಿಕೊಂಡರೆ ಡೋರಿಯನ್. ಶಂಕರಾಭರಣದ ರಿಷಭವನ್ನು ಷಡ್ಜ ಮಾಡಿಕೊಂಡಂತೆ. ಅದಕ್ಕೆ 'ಗ್ರಹಭೇದ' ಅನ್ನುತ್ತೇವೆ, ಆದರೆ ಅದು ಕ್ರಿಯೆಯ ಹೆಸರು. 'ಮೇಳ' (ಕರ್ನಾಟಕ ಸಂಗೀತದ ಏಳು ಸ್ವರಗಳ ಮೂಲ ಶ್ರೇಣಿ) ಹತ್ತಿರ ಬರುತ್ತದೆ. ಆದರೆ ಲೋಕ್ರಿಯನ್ ಅನ್ನುವ ಮೋಡ್ 72 ಮೇಳಗಳಲ್ಲಿ ಎಲ್ಲೂ ಇಲ್ಲ, ಅದಕ್ಕೆ ಪಂಚಮವೇ ಇಲ್ಲವಲ್ಲ. 'ಮೋಡ್' ಅಂತಲೇ ಬಿಡಿ.

* * *

ಯಾಕೆ ಬಿಡಬೇಕು? ಮೂಲ ಲ್ಯಾಟಿನ್ ಪದಕ್ಕೆ ಅಳತೆ, ರೀತಿ ಅಂತ ಅರ್ಥ. ನಮ್ಮ 'ಮಟ್ಟು' ಅಂದರೂ ಅಳತೆಯೇ. ಯಕ್ಷಗಾನದವರು ಸಂಗೀತಕ್ಕೇ ಬಳಸುವ ಪದ. 'ಡೋರಿಯನ್ ಮಟ್ಟು' ಅನ್ನಿ. ಅಚ್ಚಗನ್ನಡ ಇರುವಾಗ ಬೇರೆಯವರ ಬಾಗಿಲು ಯಾಕೆ ತಟ್ಟಬೇಕು?

* * *

> ಡೋರಿಯನ್ ಮಟ್ಟು

ಆಗುವುದಿಲ್ಲ. ಮಟ್ಟು ಅಂದರೆ ಹಾಡಿನ ಧಾಟಿ. ಒಂದೇ ಮೋಡ್‌ನಲ್ಲಿ ನೂರು ಮಟ್ಟು ಕಟ್ಟಬಹುದು.

ಎರಡನೆಯ ಪದಕ್ಕೆ ಬರುತ್ತೇನೆ, ನನಗೆ ಮುಖ್ಯ ಅದೇ. ಸಾಲ ಹಣದ್ದು. ತಂದದ್ದು ಖರ್ಚಾಗಿ, ಅಂಥದ್ದೇ ಬೇರೆ ತಂದುಕೊಟ್ಟರೆ ಕಡ. ಏಣಿ ತಂದು ಅದೇ ಏಣಿಯನ್ನು ವಾಪಸ್ ಕೊಟ್ಟರೆ ಎರವಲು. ಈಗ ಗಿಟಾರ್ ಹಿಡಿಯಿರಿ. ಸಿ ಮೇಜರ್‌ನಲ್ಲಿ ನುಡಿಸುತ್ತಾ ಎಫ್ ಮೇಜರ್ ಬರಬೇಕಾದ ಕಡೆ ಎಫ್ ಮೈನರ್ ಹಿಡಿಯಿರಿ. ಎ ಹೋಗಿ ಎ ಫ್ಲ್ಯಾಟ್ ಬರುತ್ತದೆ. ಅದು ಸಿ ಮೈನರ್‌ನ ಸ್ವತ್ತು. ಒಂದು ಗಳಿಗೆ ಬೆಳಕು ಮಂಕಾದ ಹಾಗಾಗಿ, ಮತ್ತೆ ಸಿ ಮೇಜರ್‌ಗೆ ಮರಳುತ್ತೇವೆ. ತಂದದ್ದನ್ನು ತಂದಲ್ಲೇ ಇಟ್ಟ ಹಾಗೆ. ಇದು ಎರವಲೇ.

ಅನುವಾದದಲ್ಲಿ ಒಂದು ಎಚ್ಚರ ಇರಲಿ: ಎರವಲು ತರುವುದು ಸಿ ಮೈನರ್‌ನಿಂದ, ಎ ಮೈನರ್‌ನಿಂದಲ್ಲ. ಎ ಮೈನರ್‌ನ ಏಳೂ ಸ್ವರ ಸಿ ಮೇಜರ್‌ನಲ್ಲಿ ಮೊದಲೇ ಇವೆ. ಅಲ್ಲಿಂದ ತರುವುದಕ್ಕೆ ಏನಿದೆ?

ಕಾರ್ಡ್‌ಗೆ 'ಗೊಂಚಲು' ಅನ್ನಿ. ಮೂರು ಸ್ವರ ಒಂದೇ ತೊಟ್ಟಿಗೆ ತೂಗುವುದು ಕಣ್ಣಿಗೆ ಕಟ್ಟುತ್ತದೆ. 'ಎರವಲು ಗೊಂಚಲು'.

* * *

'ಅನ್ಯಸ್ವರ' (ಮೂಲ ಮೇಳದಲ್ಲಿಲ್ಲದ ಸ್ವರ) ಇದೆಯಲ್ಲ? ಶಂಕರಾಭರಣದ ಜನ್ಯವಾದ ಬಿಲಹರಿಯಲ್ಲಿ ಕೈಶಿಕಿ ನಿಷಾದ ಬರುವುದಿಲ್ಲವೇ?

* * *

ಅದು ಒಂದು ಸ್ವರದ ಮಾತು. ಇಲ್ಲಿ ಗೊಂಚಲಿಗೆ ಗೊಂಚಲೇ ಬರುತ್ತದೆ.

* * *

ಎರವಲು ಅಂದರೆ ವಾಪಸ್ ಕೊಡಬೇಕು ಅಂತೀರಿ. ಹಾಗಾದರೆ 'ಎರವಲು ಪದ' ಅನ್ನುವುದೇ ತಪ್ಪಲ್ವಾ? ಬಸ್ಸು, ಪೆನ್ನು ಯಾರಿಗೆ ವಾಪಸ್ ಕೊಟ್ಟಿದ್ದೇವೆ? ಬಂದವು ಇಲ್ಲೇ ಉಳಿದವು. ಅದಕ್ಕೇ ನನ್ನ ತಕರಾರು.

* * *

ಉಳಿದವು ನಮ್ಮವಾದವು. ಕೊನೆಗೆ 'ಉ' ಸೇರಿತು, 'ಬಸ್ಸಿನಲ್ಲಿ' ಅಂತ ವಿಭಕ್ತಿಯೂ ಹತ್ತಿತು. ಮೋಡ್‌ಗೂ ಅದೇ ದಾರಿ: ಮೋಡು, ಮೋಡಿನಲ್ಲಿ. ಆಕಾಶದ್ದು 'ಮೋಡದಲ್ಲಿ' ಆಗುವುದರಿಂದ ಗೊಂದಲವಿಲ್ಲ.

* * *

ಬಹುವಚನದಲ್ಲಿ? 'ಮೋಡುಗಳು' ಅಚ್ಚಿನಲ್ಲಿ 'ಮೋಡಗಳು' ಆಗುವುದಕ್ಕೆ ಒಂದು ಕೊಂಬು ಬಿದ್ದುಹೋದರೆ ಸಾಕು. ಮಟ್ಟು ಅನ್ನಿ.

* * *

ಎಲ್ಲರಿಗೂ ಧನ್ಯವಾದ. 'ಮೋಡು' ಮತ್ತು 'ಎರವಲು ಗೊಂಚಲು' ಹಾಕುತ್ತಿದ್ದೇನೆ. ಗೊಂಚಲು ಮೊದಲ ಸಲ ಬರುವಲ್ಲಿ ಪಕ್ಕದಲ್ಲೇ 'ಕಾರ್ಡ್' ಅಂತಲೂ ಇರುತ್ತದೆ. ಕೊಂಬುಗಳನ್ನು ಇವತ್ತು ರಾತ್ರಿ ಒಂದೊಂದಾಗಿ ನೋಡುತ್ತೇನೆ.